ಗೇಮಿಂಗ್ ಯಂತ್ರವನ್ನು ಕಾಯುವುದು ಕೇಸಿನೊಳಗಿನ ಖಾಲಿ ಜಾಗ

ದೇವಲಾಪುರದ ಕಡೆಯಿಂದ ಮಂಡ್ಯಕ್ಕೋ ಮೈಸೂರಿಗೋ ಓದಲು ಹೋಗುವ ಮಕ್ಕಳ ಬ್ಯಾಗಿನಲ್ಲಿ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ ಒತ್ತೊತ್ತಾಗಿ ತುಂಬಿರುತ್ತವೆ. ಬಸ್ಸಿನಲ್ಲಿ ನೂಕುನುಗ್ಗಲಾದರೆ ಅದರ ಮೇಲೆ ಇನ್ನೊಬ್ಬರ ಬ್ಯಾಗೂ ಬೀಳುತ್ತದೆ. ಇಂಥ ಬ್ಯಾಗಿನಲ್ಲಿ ನಿಂಟೆಂಡೊ ಸ್ವಿಚ್ ಅಥವಾ ಸ್ಟೀಮ್ ಡೆಕ್‌ನಂಥ ಗೇಮಿಂಗ್ ಯಂತ್ರ ಒಯ್ಯುವವರು ಅದು ಕೈಜಾರಿ ಬಿದ್ದೀತೆಂದು ಹೆದರಿ ಮೆತ್ತನೆಯ ಪೌಚ್ ಕೊಳ್ಳುತ್ತಾರೆ. ಆದರೆ ಪ್ರಯಾಣದುದ್ದಕ್ಕೂ ಯಂತ್ರವನ್ನು ಕಾಡುವುದು ಒತ್ತಡ. ಪರದೆಯ ಎರಡೂ ಬದಿಯಲ್ಲಿ ಹೆಬ್ಬೆರಳಿಗಾಗಿ ಎದ್ದು ನಿಂತ ಜಾಯ್‌ಸ್ಟಿಕ್‌ಗಳಿವೆ. ಮೆತ್ತನೆಯ ಚೀಲ ಮೇಲಿನ ಭಾರವನ್ನೆಲ್ಲ ನೇರ ಅವುಗಳ ಮೇಲೆಯೇ ಇಳಿಸುತ್ತದೆ. ಜಾಯ್‌ಸ್ಟಿಕ್ ವಾಲಬಹುದು, ಅದರಡಿಯ ಸೂಕ್ಷ್ಮ ಭಾಗ ಕೆಡಬಹುದು. ಧೂಳು ಸೇರಿದರಂತೂ ಕೈ ತಾಗದಿದ್ದರೂ ಆಟದ ಪಾತ್ರ ತಾನಾಗಿ ಸರಿಯತೊಡಗಬಹುದು.

ಹಾಗಾಗಿ ಒಳ್ಳೆಯ ಕೇಸಿನ ಗುಣ ಎರಡೇ: ಹೊರಗೆ ಗಟ್ಟಿತನ, ಒಳಗೆ ಖಾಲಿ ಜಾಗ. ನಮ್ಮ ಅಳಗುಳಿ ಮಣೆಯಲ್ಲಿ ಈ ಲೆಕ್ಕ ಎಂದೋ ಕೂಡಿಬಂದಿದೆ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳ ಆ ಮಣೆಯನ್ನು ಕೀಲು ಹಾಕಿ ಮಡಚುವಂತೆ ಮಾಡಿದಾಗ ಗುಳಿಗಳು ಒಳಮುಖವಾಗುತ್ತವೆ, ಹುಣಸೆಬೀಜ ಅಲ್ಲೇ ಉಳಿಯುತ್ತದೆ, ಪೆಟ್ಟೆಲ್ಲ ಹೊರಗಿನ ಮರಕ್ಕೆ. 2022ರಲ್ಲಿ ಬಂದ, 669 ಗ್ರಾಂ ತೂಕದ ಸ್ಟೀಮ್ ಡೆಕ್‌ಗೆ ವಾಲ್ವ್ ಕಂಪನಿ ಗಟ್ಟಿ ಕೇಸನ್ನು ಪೆಟ್ಟಿಗೆಯಲ್ಲೇ ಇಟ್ಟು ಕೊಟ್ಟಿತು. ಕೇಸು ಅಲಂಕಾರದ ವಸ್ತುವಲ್ಲ ಎಂಬುದು ತಯಾರಕರಿಗೇ ಗೊತ್ತಿದೆ.

ಸಿಲಿಕೋನ್ ಕವರ್ ಹಾಕಿದ್ದೇವಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ಅದು ಬಿದ್ದಾಗ ಅಂಚನ್ನು ಕಾಯುತ್ತದೆ, ಜಾಯ್‌ಸ್ಟಿಕ್‌ನ ಮೇಲಿನ ಭಾರವನ್ನು ತಡೆಯದು. ಜೋಪಾನವಾಗಿ ಒಯ್ದರೆ ಸಾಕು ಎನ್ನುವುದೂ ಪೂರ್ತಿ ಸರಿಯಲ್ಲ. ತುಂಬಿದ ಬಸ್ಸಿನಲ್ಲಿ ನಮ್ಮ ಬ್ಯಾಗಿನ ಮೇಲೆ ಏನು ಬೀಳುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಖರ್ಚಿನ ಮಾತು ಮಾತ್ರ ನ್ಯಾಯವಾದದ್ದು. ಆದರೆ ದುಬಾರಿ ಕೇಸೇ ಬೇಕೆಂದಿಲ್ಲ. ಜಾಯ್‌ಸ್ಟಿಕ್‌ಗೆ ಮುಚ್ಚಳ ತಾಗದಷ್ಟು ಆಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮೆತ್ತನೆಯ ಬಟ್ಟೆ ಹಾಸಿ, ಯಂತ್ರ ಅಲುಗಾಡದಂತೆ ಸುತ್ತಲೂ ಬಟ್ಟೆ ತುಂಬಿದರೂ ನಡೆಯುತ್ತದೆ. ನಿಂಟೆಂಡೊ, ವಾಲ್ವ್ ಕಂಪನಿಗಳು ಈ ಯಂತ್ರಗಳನ್ನು ಭಾರತದಲ್ಲಿ ನೇರವಾಗಿ ಮಾರುವುದಿಲ್ಲವಾದ್ದರಿಂದ ಕೆಟ್ಟರೆ ರಿಪೇರಿಗೆ ಅಲೆಯಬೇಕು. ಕೇಸಿನ ಬೆಲೆಯನ್ನು ಆ ಖರ್ಚಿನ ಪಕ್ಕದಲ್ಲಿಟ್ಟು ನೋಡಬೇಕು.

ಕೊಳ್ಳುವಾಗ ಯಂತ್ರವನ್ನೇ ಅಂಗಡಿಗೆ ಒಯ್ಯುವುದು ಒಳ್ಳೆಯದು. 2017ರ ಸ್ವಿಚ್‌ನ ಪರದೆ 6.2 ಇಂಚು, 2025ರ ಸ್ವಿಚ್ 2ರದ್ದು 7.9 ಇಂಚು; ಹಳೆಯದರ ಅಳತೆಯ ಕೇಸಿನಲ್ಲಿ ಹೊಸದು ಕೂರದು. ಯಂತ್ರವಿಟ್ಟು ಜಿಪ್ ಎಳೆದು, ಮುಚ್ಚಳದ ನಡುವೆ ಅಂಗೈಯಿಂದ ಮೆಲ್ಲಗೆ ಒತ್ತಿ. ಮುಚ್ಚಳ ತಗ್ಗಿ ಜಾಯ್‌ಸ್ಟಿಕ್‌ಗೆ ತಾಗಿದಂತೆನಿಸಿದರೆ ಎಷ್ಟು ಚೆಂದವಿದ್ದರೂ ಆ ಕೇಸು ಬೇಡ. ಚಾರ್ಜರ್ ಇಡುವ ಜೇಬು ಪರದೆಯ ಮೇಲೆ ಬರುವಂತಿದ್ದರೂ ಬೇಡ. ಇನ್ನು, ಗಾಳಿಯಾಡದ ಕೇಸಿನಲ್ಲಿ ಬಿಸಿ ನಿಲ್ಲುತ್ತದೆ, ಬಿಸಿಗೆ ಬ್ಯಾಟರಿ ಬೇಗ ಸೊರಗುತ್ತದೆ. ಆದ್ದರಿಂದ ದೂರದ ಪ್ರಯಾಣವಿದ್ದರೆ ಯಂತ್ರವನ್ನು ಪೂರ್ತಿ ಆಫ್ ಮಾಡಿಯೇ ಒಳಗಿಡಬೇಕು. ಮನೆಯವರು ಕಷ್ಟಪಟ್ಟು ಕೂಡಿಟ್ಟ ದುಡ್ಡಿನಲ್ಲಿ ಬಂದ ವಸ್ತು ವರ್ಷಗಟ್ಟಲೆ ಬಾಳಬೇಕಾದರೆ ಇಷ್ಟು ಎಚ್ಚರ ಹೆಚ್ಚೇನಲ್ಲ.