ಪ್ಲೇಗು ಕಟ್ಟಿಸಿದ ಬಸವನಗುಡಿ

ಬಸವನಗುಡಿ ಎಂದೊಡನೆ ನೆನಪಾಗುವುದು ದೊಡ್ಡ ಬಸವ, ಕಡಲೆಕಾಯಿ ಪರಿಷೆ ಮತ್ತು ಗಾಂಧಿ ಬಜಾರಿನ ಹೂವಿನ ಅಂಗಡಿಗಳು. ಆದರೆ ಇಲ್ಲಿನ ನೇರ ಬೀದಿಗಳನ್ನು ಹಾಕಿಸಿದ್ದು ಒಂದು ಮಹಾಮಾರಿ ಎಂಬುದನ್ನು ಬಲ್ಲವರು ಕಡಿಮೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, ರೈಲಿನ ಜಾಡು ಹಿಡಿದು 1898ರಲ್ಲಿ ಬೆಂಗಳೂರು ತಲುಪಿತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ, ಗಾಳಿ ಬೆಳಕಿಲ್ಲದ ಒತ್ತೊತ್ತಾದ ಮನೆಗಳಲ್ಲಿ ಸಾವಿರಾರು ಜನ ಸತ್ತರು. ಊರು ಹೀಗೆಯೇ ಬೆಳೆದರೆ ಉಳಿಗಾಲವಿಲ್ಲ ಎಂದು ಮೈಸೂರು ಸರ್ಕಾರಕ್ಕೆ ಮನವರಿಕೆಯಾಯಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ರೂಪುಗೊಂಡದ್ದು ಹೀಗೆ.

ಹೊಸ ಬಡಾವಣೆಯ ನಕ್ಷೆಯಲ್ಲಿ ರೋಗದ ಭಯ ಎದ್ದು ಕಾಣುತ್ತದೆ. ಅಗಲವಾದ ರಸ್ತೆ, ಸಾಲುಮರ, ಮನೆಯ ಸುತ್ತ ಬಯಲು, ಹಿತ್ತಲ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಮಲ ಹೊರುವವರು ಓಡಾಡುತ್ತಿದ್ದುದು ಈ ಗಲ್ಲಿಯಲ್ಲೇ. ಮುಂಬಾಗಿಲ ಮರ್ಯಾದೆಗೆ ಹಿಂಬಾಗಿಲಲ್ಲಿ ಬೆಲೆ ತೆತ್ತವರು ಅವರು.

ಬಡಾವಣೆ ಹೊಸತಾದರೂ ನೆಲ ಹಳೆಯದು. ಸುಂಕೇನಹಳ್ಳಿಯ ಗುಡ್ಡದ ಮೇಲೆ ಏಕಶಿಲೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಬಸವನಿದ್ದಾನೆ. ಗುಡಿಯನ್ನು ಕಟ್ಟಿಸಿದವರು ಕೆಂಪೇಗೌಡರು ಎಂಬುದು ಪ್ರತೀತಿ. ಸುತ್ತಲ ಹೊಲಗಳಿಗೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಫಸಲು ಒಪ್ಪಿಸಿ ಶಾಂತಗೊಳಿಸಿದರಂತೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಆದ್ದರಿಂದ ಈ ಕಥೆ ಬಸವನಷ್ಟು ಹಳೆಯದಿರಲಾರದು. ಆದರೂ ಕಾರ್ತಿಕದ ಕಡೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ ಬೀಳುತ್ತದೆ. ಹೊಲಗಳು ಮನೆಗಳಾದ ಮೇಲೂ ಫಸಲು ದೇವರನ್ನು ಹುಡುಕಿಕೊಂಡು ಬರುತ್ತಿದೆ.

ಹತ್ತಿರದ ಗವಿಪುರದಲ್ಲಿ ಬಂಡೆ ಕೊರೆದು ಮಾಡಿದ ಗಂಗಾಧರೇಶ್ವರನ ಗುಡಿಯಿದೆ. ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಮಾಸ್ತಿಯವರ ಮನೆಯೂ ಇದೇ ಗವಿಪುರದಲ್ಲಿ. ಡಿ.ವಿ.ಜಿ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು 1945ರಲ್ಲಿ. ಅದಕ್ಕೂ ಮೊದಲೇ, 1943ರಲ್ಲಿ, ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಬಾಗಿಲು ತೆರೆದಿತ್ತು. ಅಲ್ಲಿನ ಮಸಾಲೆ ದೋಸೆಗೆ ಇಂದಿಗೂ ಜನ ಸಾಲು ನಿಲ್ಲುತ್ತಾರೆ.

ಪರಿಷೆ ಉಳಿದಿದೆ, ದೋಸೆ ಉಳಿದಿದೆ. ಕರಗುತ್ತಿರುವುದು ಬಡಾವಣೆಯ ಮೂಲ ವಿವೇಕ. ಒಂದು ಮನೆಯ ಜಾಗದಲ್ಲಿ ಹತ್ತು ಮನೆಗಳ ಕಟ್ಟಡ ಏಳುತ್ತಿದೆ, ಹಿತ್ತಲು ಮಾಯವಾಗಿದೆ, ಎಷ್ಟೋ ಕಡೆ ಹಿಂದಿನ ಗಲ್ಲಿ ಒತ್ತುವರಿಯಾಗಿದೆ. ಮನೆಗೂ ಮನೆಗೂ ನಡುವಿನ ಬಯಲು ಪೋಲು ಜಾಗವೆಂದು ನಮಗೀಗ ತೋರುತ್ತದೆ. 1898ರಲ್ಲಿ ಹೆಣ ಹೊತ್ತವರಿಗೆ ಹಾಗೆ ತೋರಿರಲಿಲ್ಲ. 2020ರಲ್ಲಿ ಕೊರೊನಾ ಬಂದಾಗ ನಮಗೂ ಕೆಲವು ತಿಂಗಳ ಮಟ್ಟಿಗೆ ಅದರ ಬೆಲೆ ಗೊತ್ತಾಗಿತ್ತು.