ಬ್ರೇಕ್ ಹಾಕಿದ್ರೆ ಬಿಸಿ ಎಲ್ಲಿಗೆ ಹೋಗುತ್ತೆ?

ಆಫೀಸ್ ಕೆಲಸಕ್ಕೆ ಜರ್ಮನಿಗೆ ಹೋಗಿದ್ದಾಗ ಫ್ರಾಂಕ್‌ಫರ್ಟ್‌ನಿಂದ ಕಲೋನ್‌ಗೆ ಐಸಿಇ 3 ರೈಲು ಹತ್ತಿದ್ದೆ. ಬೋಗಿಯ ಪರದೆಯಲ್ಲಿ ವೇಗ 300 ಕಿ.ಮೀ. ಸ್ವಲ್ಪ ಹೊತ್ತಿಗೆ ಅದು ಇಳಿಯತೊಡಗಿತು. ಕಿರ್ರ್ ಅನ್ನೋ ಸದ್ದಿಲ್ಲ, ಕೈಲಿದ್ದ ಕಾಫಿಯೂ ತುಳುಕಲಿಲ್ಲ. ಅಷ್ಟೊಂದು ಶಕ್ತಿ ಎಲ್ಲಿ ಹೋಯ್ತು?

ಲೆಕ್ಕ ಹಾಕಿದೆ. ಸುಮಾರು 400 ಟನ್ ತೂಕದ ರೈಲು ಆ ವೇಗದಿಂದ ಪೂರ್ತಿ ನಿಲ್ಲಬೇಕಾದರೆ ಹೆಚ್ಚುಕಡಿಮೆ 385 ಯೂನಿಟ್ ಕರೆಂಟಿನಷ್ಟು ಶಕ್ತಿ ಕಳೆಯಬೇಕು. ಅಷ್ಟರಲ್ಲಿ 4,000 ಲೀಟರ್‌ಗೂ ಹೆಚ್ಚು ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತೆ!

ಒಂದಷ್ಟನ್ನು ಮೋಟಾರ್‌ಗಳೇ ಜನರೇಟರ್ ಆಗಿ, ಕರೆಂಟ್ ಮಾಡಿ ಮೇಲಿನ ತಂತಿಗೆ ವಾಪಸ್ ಕೊಡುತ್ತವೆ. ಆದರೆ ಈ ರೈಲಿನ ಅರ್ಧದಷ್ಟು ಅಚ್ಚುಗಳಿಗೆ ಮಾತ್ರ ಮೋಟಾರ್ ಇದೆ. ಮಿಕ್ಕಿದ್ದನ್ನೆಲ್ಲ ಡಿಸ್ಕ್ ಬ್ರೇಕಿಗೇ ಬಿಟ್ಟರೆ ಅದು ಕಾದು ಬೇಗ ಸವೆಯುತ್ತೆ. ಅದಕ್ಕೇ ಮೋಟಾರ್ ಇಲ್ಲದ ಬೋಗಿಗಳ ಚಕ್ರಗಳ ನಡುವೆ ವಿದ್ಯುತ್ಕಾಂತಗಳನ್ನು ಇಟ್ಟಿದ್ದಾರೆ. ಬ್ರೇಕ್ ಹಾಕಿದಾಗ ಅವು ಹಳಿಯಿಂದ ಕೆಲವೇ ಮಿ.ಮೀ. ಮೇಲೆ ನಿಲ್ಲುತ್ತವೆ, ಹಳಿಯನ್ನು ಮುಟ್ಟಲ್ಲ. ಓಡುವ ಕಾಂತ ಹಳಿಯೊಳಗೆ ಸುಳಿ ವಿದ್ಯುತ್ ಹುಟ್ಟಿಸುತ್ತೆ, ಅದು ರೈಲನ್ನು ಹಿಂದಕ್ಕೆ ಹಿಡಿದೆಳೆಯುತ್ತೆ. ಸವೆತ ಇಲ್ಲ, ಸದ್ದೂ ಇಲ್ಲ.

ಸರಿ, ಬಿಸಿ? ಅದು ಈಗ ಹಳಿಗೆ ಹೋಯ್ತು! ಒಂದು ರೈಲಾದರೆ ಪರವಾಗಿಲ್ಲ. ಒಂದರ ಹಿಂದೆ ಒಂದು ಬಂದು ಎಲ್ಲವೂ ಅದೇ ಜಾಗದಲ್ಲಿ ಬ್ರೇಕ್ ಹಾಕಿದರೆ ಹಳಿಗೆ ತಣಿಯಲು ಪುರುಸೊತ್ತೇ ಇರಲ್ಲ. ಉದ್ದಕ್ಕೂ ಬೆಸುಗೆ ಹಾಕಿದ ಹಳಿ ಹಿಗ್ಗಲು ಜಾಗ ಸಿಗದೆ ಪಕ್ಕಕ್ಕೆ ಡೊಂಕಾಗಬಹುದು. ಆ ವೇಗದಲ್ಲಿ ಡೊಂಕು ಹಳಿ ಅಂದ್ರೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

2002ರಲ್ಲಿ ತೆರೆದ ಕಲೋನ್–ಫ್ರಾಂಕ್‌ಫರ್ಟ್ ಮಾರ್ಗದಲ್ಲಿ ಹಳಿಯನ್ನು ಜಲ್ಲಿಯ ಬದಲು ಕಾಂಕ್ರೀಟ್ ಹಾಸಿನ ಮೇಲೆ ಬಿಗಿದಿದ್ದಾರೆ. ಹಾಗಾಗಿ ಅಲ್ಲಿ ಈ ಬ್ರೇಕನ್ನು ದಿನನಿತ್ಯ ಬಳಸ್ತಾರೆ. ಜಲ್ಲಿ ಹಾಸಿನ ಎಷ್ಟೋ ಹಳೇ ಮಾರ್ಗಗಳಲ್ಲಿ ಅದು ತುರ್ತು ಸಮಯಕ್ಕೆ ಮಾತ್ರ.

ಇದನ್ನು ಓದಿದಾಗ ನನ್ನದೇ ಒಂದು ರಾತ್ರಿ ನೆನಪಾಯ್ತು. ನಿಧಾನವಾಗಿದ್ದ ಒಂದು ಸರ್ವಿಸ್‌ನ ಹೊರೆಯನ್ನೆಲ್ಲ ಡೇಟಾಬೇಸ್ ಮೇಲೆ ಹಾಕಿ 'ಫಿಕ್ಸ್ ಆಯ್ತು' ಅಂತ ಮೆಸೇಜ್ ಹಾಕಿ ಮಲಗಿದ್ದೆ. ಮಧ್ಯರಾತ್ರಿ ಡೇಟಾಬೇಸೇ ಮಲಗಿತು. ಅದು ಎಷ್ಟು ತಡೆಯುತ್ತೆ ಅಂತ ನಾನು ಕೇಳಿರಲೇ ಇಲ್ಲ. ಆ ಎಂಜಿನಿಯರ್‌ಗಳು ಹಳಿಯನ್ನು ಮೊದಲೇ ಕೇಳಿದ್ದರು.

ಮುಂದಿನ ಸಲ ರೈಲು ಸದ್ದಿಲ್ಲದೆ ನಿಂತಾಗ ಇಳಿಯುವ ಮುಂಚೆ ಒಂದು ಕ್ಷಣ ಯೋಚಿಸಿ, ಬಿಸಿ ಯಾರ ಪಾಲಿಗೆ ಹೋಯ್ತು ಅಂತ.