ಹರಿಹರದ ಹೊಳೆ ಮತ್ತು ಅಳತೆಗಾರರು

ದಾವಣಗೆರೆಗೂ ಹರಿಹರಕ್ಕೂ ಸುಮಾರು 14 ಕಿಲೋಮೀಟರ್ ಅಂತರ. ಆದರೂ ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಸರಣಿಯ ಭೂಪಟಗಳಲ್ಲಿ ಇವೆರಡೂ ಒಂದೇ ಹಾಳೆಯಲ್ಲಿ ಸಿಗುವುದಿಲ್ಲ. ಹರಿಹರ ‘48 ಎನ್/14’ರಲ್ಲಿದ್ದರೆ ದಾವಣಗೆರೆ ‘48 ಎನ್/15’ರಲ್ಲಿದೆ. ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದ ಗೆರೆ ಎರಡರ ನಡುವೆ ಹಾದುಹೋಗುತ್ತದೆ. ನೆಲದ ಮೇಲೆ ಕಾಣದ ಇಂಥ ಗೆರೆಗಳು ಈ ಸೀಮೆಗೆ ಬಂದು ಇನ್ನೂರು ವರ್ಷ ಮೀರಿದೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ರಾಜ್ಯವನ್ನು ಗೆದ್ದವರು ಹಂಚಿದರು. ಒಪ್ಪಂದದ ಪಟ್ಟಿಯಲ್ಲಿ ಸೀಮೆಗಳ ಹೆಸರು, ಕಂದಾಯದ ಮೊತ್ತ ಇದ್ದವೇ ಹೊರತು ಎಲ್ಲೆ ಎಲ್ಲಿ ಎಂಬುದು ಸ್ಪಷ್ಟವಿರಲಿಲ್ಲ. ಅದನ್ನು ಗುರುತಿಸುವ ಕೆಲಸ ಕಾಲಿನ್ ಮೆಕೆಂಜಿಯ ಪಾಲಿಗೆ ಬಂತು. 1800ರಲ್ಲಿ ತೊಡಗಿದ ಮೈಸೂರು ಸರ್ವೆ ಸುಮಾರು 40,000 ಚದರ ಮೈಲಿಗೆ ಹರಡಿತು. ಜ್ವರ ಅಳತೆಗಾರರನ್ನು ಬಿಡದೆ ಕಾಡಿತು.

ಅಳತೆಯ ಗುಟ್ಟು ತ್ರಿಕೋನದಲ್ಲಿದೆ. ಒಂದು ಬದಿಯನ್ನು ಸರಪಳಿ ಹಿಡಿದು ಅಳೆದು, ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ಥಿಯೋಡೊಲೈಟ್‌ನಲ್ಲಿ ನೋಡಿ ಕೋನ ಹಿಡಿದರೆ ಉಳಿದೆರಡು ಬದಿಗಳ ಉದ್ದ ಲೆಕ್ಕಕ್ಕೆ ಸಿಗುತ್ತದೆ. ತುಂಬಿ ಹರಿಯುವ ತುಂಗಭದ್ರೆಯ ಅಗಲವನ್ನೂ ಕಾಲು ನೆನೆಸಿಕೊಳ್ಳದೆ ಹೀಗೆಯೇ ತಿಳಿಯಬಹುದು. ಚಿತ್ರದುರ್ಗದ ಬಂಡೆಬೆಟ್ಟಗಳು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ; ಹೊಳೆ ಬದಿಯ ಎರೆಭೂಮಿಯಲ್ಲಿ ಮಾತ್ರ ದೂರಕ್ಕೆ ಕಾಣುವ ಗುರುತು ಹುಡುಕಬೇಕು. ಇಂದಿನ ಭೂಪಟದಲ್ಲೂ ಅಷ್ಟೆ. ಸಮಾನ ಎತ್ತರದ ಗೆರೆಗಳು ದುರ್ಗದ ಬಳಿ ಒತ್ತೊತ್ತಾಗಿದ್ದರೆ ಹರಿಹರದ ಬಯಲಲ್ಲಿ ದೂರ ಸರಿಯುತ್ತವೆ.

ಆದರೆ ಗುಡ್ಡದ ಹೆಸರನ್ನು ಯಾವ ಯಂತ್ರವೂ ಹೇಳದು. ಈ ನೆಲದ ನುಡಿಗಳಿಗಾಗಿ ಮೆಕೆಂಜಿ ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನ ಓದಬಲ್ಲ ಜೈನ ಪಂಡಿತ ಧರ್ಮಯ್ಯ ಮೊದಲಾದವರನ್ನೇ ನಂಬಿದ್ದ. ನಮ್ಮ ದಾನಶಾಸನಗಳು ಕೆರೆ, ಹುತ್ತ, ನೆಟ್ಟ ಕಲ್ಲು ಹೆಸರಿಸಿ ಎಲ್ಲೆ ಹೇಳುವ ಬಗೆಯೂ ಒಂದು ಭೂಪಟವೇ, ಅಕ್ಷರದ್ದು. ಇಷ್ಟಾಗಿಯೂ ಚಿತ್ರದುರ್ಗ ಇಂಗ್ಲಿಷರ ಬರಹದಲ್ಲಿ ‘ಚಿಟಲ್‌ಡ್ರೂಗ್’ ಆಗಿ ಬಹುಕಾಲ ಉಳಿಯಿತು!

ಮುಂದೆ ಹರಿಹರದ ಹೊಳೆ ಮೈಸೂರಿಗೂ ಮುಂಬಯಿ ಪ್ರಾಂತ್ಯಕ್ಕೂ ಗಡಿಯಾಯಿತು. ಎರಡು ದಡದಲ್ಲೂ ಕನ್ನಡವೇ; ಆಚೆ ದಡಕ್ಕೆ ಮಗಳನ್ನು ಕೊಟ್ಟವರು ಬೇರೆ ಸರ್ಕಾರದ ಸೀಮೆಗೆ ಕೊಟ್ಟಂತೆ. 1956ರಲ್ಲಿ ಆ ಗಡಿ ಅಳಿಯಿತು. 1997ರಲ್ಲಿ ದಾವಣಗೆರೆ, ಹಾವೇರಿ ಹೊಸ ಜಿಲ್ಲೆಗಳಾದಾಗ ಅದೇ ಹೊಳೆ ಇಲ್ಲಿ ಜಿಲ್ಲೆಯ ಎಲ್ಲೆಯಾಯಿತು. ಹರಿಹರದ ಹೆಸರು ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಆಚೆ ದಡದ ಕುಮಾರಪಟ್ಟಣದಲ್ಲಿ, ಹಾವೇರಿ ಜಿಲ್ಲೆಯಲ್ಲಿ.